ಅಪ್ಪನಿಗೂ ಒಂದು ‘ಹತ್ತು ಗಂಟೆ’ ಬೇಕು

ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರಿ 60ಕ್ಕೆ ಮುಗಿಯುತ್ತೆ. ಹುಟ್ಟಿದ ತಿಂಗಳ ಕೊನೇ ದಿನ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೋ. ಎಲ್ಲರೂ ಹೇಳೋದು ಒಂದೇ ಮಾತು: ‘ಇನ್ನೇನ್ ಸಾರ್, ಆರಾಮಾಗಿರಿ.’ ಈ ಆರಾಮು ಎಷ್ಟು ಉದ್ದ ಅಂತ ನಮ್ಮ ಮನೆಗೆ ಗೊತ್ತಾಗಿದ್ದು ಅಪ್ಪ ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ.

ವಾಕಿಂಗ್ ಮುಗಿಸಿ, ಪೇಪರನ್ನು ಟೆಂಡರ್ ಪ್ರಕಟಣೆ ಸಮೇತ ಓದಿದರೂ ಗಂಟೆ ಒಂಬತ್ತೂವರೆ. ಮೂವತ್ತೈದು ವರ್ಷ ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಕುರ್ಚಿಯಲ್ಲಿ ಕೂತ ಮನುಷ್ಯನಿಗೆ ಈಗ ಅಷ್ಟೂ ಹೊತ್ತು ಖಾಲಿ. ಅಪ್ಪ ಅಡುಗೆಮನೆಗೆ ಬರೋಕೆ ಶುರು ಮಾಡಿದರು. ಅಡುಗೆ ಮಾಡೋಕಲ್ಲ, ತಪಾಸಣೆಗೆ. ‘ಯಾರೂ ಇಲ್ಲದ ಕಡೆ ಫ್ಯಾನ್ ಯಾಕೆ ತಿರುಗ್ತಿದೆ?’ ‘ಇಷ್ಟೇ ಇಷ್ಟು ಕೊತ್ತಂಬರಿಗೆ ಇಪ್ಪತ್ತು ರೂಪಾಯಾ?’ ಅಮ್ಮ ಒಂದು ತಿಂಗಳು ಸಹಿಸಿಕೊಂಡು ನನಗೆ ಫೋನ್ ಮಾಡಿದಳು. ‘ನಿಮ್ಮಪ್ಪನಿಗೆ ಏನಾದ್ರೂ ಕೆಲಸ ಹುಡುಕೋ. ರಿಟೈರ್ ಆಗಿರೋದು ಅವರು, ನಾನಲ್ಲ.’

ಅಲ್ಲಿವರೆಗೆ ಇದು ನಗುವ ವಿಷಯ. ಆಮೇಲೆ ನಗು ಬರಲಿಲ್ಲ. ದಿನಾ ಶೇವ್ ಮಾಡುತ್ತಿದ್ದವರು ವಾರಕ್ಕೆ ಎರಡು ಸಲಕ್ಕೆ ಇಳಿದರು. ಮಧ್ಯಾಹ್ನ ನಿದ್ದೆ, ರಾತ್ರಿ ಎಚ್ಚರ. ಫೋನ್‌ನಲ್ಲಿ ‘ಊಟ ಆಯ್ತಾ’ ಬಿಟ್ಟರೆ ಮಾತೇ ಇಲ್ಲ.

ಇಂಥ ಹೊತ್ತಿಗೆ ನಮ್ಮ ವಯಸ್ಸಿನವರ ಬಳಿ ಒಂದು ಪಟ್ಟಿ ರೆಡಿ ಇರುತ್ತೆ. ಸ್ಮಾರ್ಟ್ ಟಿವಿ, ಒಳ್ಳೇ ಶೂ, ಯೋಗ ಕ್ಲಾಸು, ಕಾಶಿ ಯಾತ್ರೆ, ಬಾಲ್ಕನಿಯಲ್ಲಿ ನಾಲ್ಕು ಕುಂಡ. ಎಲ್ಲವೂ ಒಳ್ಳೆಯವೇ. ಆದರೆ ಇವತ್ತು ಮಾಡದಿದ್ದರೆ ‘ಯಾಕೆ ಮಾಡಲಿಲ್ಲ’ ಅಂತ ಯಾರೂ ಕೇಳಲ್ಲ. ಕಚೇರಿಯಲ್ಲಿ ಹಾಗಲ್ಲ. ಹತ್ತು ನಿಮಿಷ ತಡವಾದರೆ ಮೇಜಿನ ಮುಂದೆ ಯಾರೋ ಕಾಯುತ್ತಿರುತ್ತಾರೆ. ನಿವೃತ್ತಿಯಲ್ಲಿ ಹೋಗೋದು ಕೆಲಸಕ್ಕಿಂತ ಹೆಚ್ಚಾಗಿ ಈ ಕಾಯೋ ಜನ.

ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರನ್ನು ನೋಡಿ. ಕಾಲೇಜು ಕೆಲಸದಿಂದ ನಿವೃತ್ತರಾಗಿದ್ದು 1973ರಲ್ಲಿ. ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಶುರುವಾದಾಗ ಅವರಿಗೆ 75 ದಾಟಿತ್ತು. ಓದುಗರು ಪದಗಳ ಬಗ್ಗೆ ಪ್ರಶ್ನೆ ಕೇಳೋರು, ಇವರು ಉತ್ತರ ಬರೆಯೋರು. 2021ರಲ್ಲಿ ತೀರಿಕೊಂಡಾಗ 107 ವರ್ಷ. ಎಲ್ಲರ ಅಪ್ಪನೂ ನಿಘಂಟು ಬರೆಯೋಕಾಗಲ್ಲ, ನಿಜ. ಆದರೆ ಪ್ರಶ್ನೆ ಹೊತ್ತು ಬರೋ ಜನ ಎಲ್ಲರಿಗೂ ಸಿಗಬಹುದು.

ನಮ್ಮಪ್ಪನಿಗೆ ಸಿಕ್ಕಿದ್ದು ಪಹಣಿಯಿಂದ. ಪಕ್ಕದ ಬೀದಿಯವರೊಬ್ಬರು ಒಂದು ದಿನ ಪಹಣಿ ಹಿಡಿದು ಬಂದರು. 9ನೇ ಕಾಲಂನಲ್ಲಿ ಇನ್ನೂ ತೀರಿಕೊಂಡ ತಂದೆಯ ಹೆಸರು. 11ರಲ್ಲಿ ಯಾವತ್ತೋ ತೀರಿಸಿದ ಬ್ಯಾಂಕ್ ಸಾಲ. ಅಪ್ಪ ಕನ್ನಡಕ ಹಾಕಿಕೊಂಡು ವಿವರಿಸಿದರು: ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ ಹಾಕಿ, ಬ್ಯಾಂಕಿನಿಂದ ಸಾಲ ತೀರಿದ ಪತ್ರ ತಂದು ಆ ನಮೂದು ತೆಗೆಸಿ. ಪಹಣಿ ಈಗ ಫೋನ್‌ನಲ್ಲೇ ಸಿಗುತ್ತೆ. ಸಿಕ್ಕಿದ್ದನ್ನು ಓದೋಕೆ ಬರಬೇಕಲ್ಲ!

ಮುಂದಿನ ವಾರ ಇನ್ನಿಬ್ಬರು ಬಂದರು. ಈಗ ಸೋಮವಾರ, ಬುಧವಾರ, ಶುಕ್ರವಾರ, ಹತ್ತರಿಂದ ಹನ್ನೆರಡೂವರೆ, ಮನೆ ಜಗಲಿಯಲ್ಲಿ ಒಂದು ಮೇಜು. ಅಪ್ಪನ ನಿಯಮ ಎರಡೇ. ದುಡ್ಡು ಮುಟ್ಟಲ್ಲ, ಯಾರ ಪರವಾಗಿಯೂ ಕಚೇರಿ ಮೆಟ್ಟಿಲು ಹತ್ತಲ್ಲ. ಇವೆರಡೂ ಇಲ್ಲದಿದ್ದರೆ ಬ್ರೋಕರ್ ಅನ್ನಿಸಿಕೊಳ್ಳೋಕೆ ಎಷ್ಟು ಹೊತ್ತು?

ನವೆಂಬರ್ ಬಂದರೆ ಇನ್ನೊಂದು ಗುಂಪು. ಪಿಂಚಣಿದಾರರು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ಶುರುವಾದ ‘ಜೀವನ್ ಪ್ರಮಾಣ್’ನಲ್ಲಿ ಇದನ್ನು ಆಧಾರ್ ಮೂಲಕ ಮಾಡಬಹುದು. ಬೆರಳಚ್ಚು ಸವೆದವರಿಗೆ ಫೋನ್ ಕ್ಯಾಮೆರಾದಲ್ಲಿ ಮುಖ ತೋರಿಸಿದರೂ ಆಗುತ್ತೆ. ವಿಡಿಯೋ ಕಾಲ್‌ನಲ್ಲಿ ನಾನು ಹೇಳಿಕೊಟ್ಟ ಹಂತಗಳನ್ನು ಅಪ್ಪ ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ ಹಾಕಿ ಬರೆದುಕೊಂಡರು. ನಮ್ಮ ಟೀಮಿನಲ್ಲಿ ಯಾರೂ ಅಷ್ಟು ನೀಟಾಗಿ ಡಾಕ್ಯುಮೆಂಟೇಶನ್ ಬರೆಯಲ್ಲ.

ನಿಮ್ಮ ಮನೆಯಲ್ಲೂ ಇಂಥ ಅಪ್ಪ ಇದ್ದರೆ ‘ನಿಮಗೇನು ಇಷ್ಟ’ ಅಂತ ಕೇಳಬೇಡಿ. ಆ ಪ್ರಶ್ನೆಯನ್ನು ಅವರನ್ನು ಯಾರೂ ಯಾವತ್ತೂ ಕೇಳಿರೋದಿಲ್ಲ, ಉತ್ತರ ಸಿಗಲ್ಲ. ‘ಕೆಲಸದಲ್ಲಿದ್ದಾಗ ಜನ ನಿಮ್ಮ ಹತ್ತಿರ ಏನು ಕೇಳ್ಕೊಂಡು ಬರ್ತಿದ್ರು’ ಅಂತ ಕೇಳಿ. ಬ್ಯಾಂಕಿನಲ್ಲಿದ್ದವರಿಗೆ ನಾಮಿನಿ ಫಾರಂ ತುಂಬಿಸೋದು ಗೊತ್ತು. ಮೇಷ್ಟ್ರಾಗಿದ್ದವರಿಗೆ ಎಸ್ಸೆಸ್ಸೆಲ್ಸಿ ಲೆಕ್ಕ ಗೊತ್ತು. ವಿದ್ಯುತ್ ಇಲಾಖೆಯವರಿಗೆ ಕರೆಂಟ್ ಬಿಲ್ಲಿನ ಒಂದೊಂದು ಸಾಲೂ ಗೊತ್ತು. ಆಮೇಲೆ ದಿನ, ಹೊತ್ತು ನಿಗದಿ ಮಾಡಿ. ‘ಯಾವಾಗ ಬೇಕಾದ್ರೂ ಬನ್ನಿ’ ಅಂದರೆ ಯಾರೂ ಬರಲ್ಲ. ವಾರಕ್ಕೆ ಇಬ್ಬರು ಬಂದರೂ ಸಾಕು. ಆ ಇಬ್ಬರಿಗೋಸ್ಕರ ಒಬ್ಬ ಮನುಷ್ಯ ಶೇವ್ ಮಾಡಿ, ಇಸ್ತ್ರಿ ಶರ್ಟು ಹಾಕುತ್ತಾನೆ.

ಅಮ್ಮ ಮಾತ್ರ ಒಂದು ಷರತ್ತು ಹಾಕಿದ್ದಾಳೆ: ಜಗಲಿಗೆ ಬಂದವರ ಕಾಫಿ ಅಪ್ಪನದೇ ಜವಾಬ್ದಾರಿ. ಡಿಕಾಕ್ಷನ್ ಇಳಿಸೋದನ್ನು ಅಪ್ಪ 61ಕ್ಕೆ ಕಲಿತರು. ಸಕ್ಕರೆ ಇನ್ನೂ ಸ್ವಲ್ಪ ಜಾಸ್ತಿ ಬೀಳುತ್ತೆ, ಅಷ್ಟೇ.