ವಾಡೆಯೊಳಗೊಂದು ಹೊಸ ಮನೆ

ಶಹಾಪುರವು 1948ರವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಪೇಟೆ. ಇಂದು ಬೆಳಗಾವಿ ನಗರದೊಳಗೇ ಬೆರೆತಿದೆ. ನೇಕಾರಿಕೆಗೂ ವ್ಯಾಪಾರಕ್ಕೂ ಹೆಸರಾದ ಇಲ್ಲಿಯ ಓಣಿಗಳಲ್ಲಿ ಹಿರಿಯರು ಕಟ್ಟಿದ ವಾಡೆಗಳು ವಾಟ್ನಿಯಾಗುತ್ತ ಸಣ್ಣ ಸಣ್ಣ ಪಾಲುಗಳಾಗಿವೆ. ನಮ್ಮ ವಾಡೆಯೂ ಮೂರು ಪಾಲಾಗಿ, ನಡುವಣ ಪಡಸಾಲೆಯೂ ಹಿಂದಿನ ಎರಡು ಅಂಕಣಗಳೂ ನನ್ನ ಪಾಲಿಗೆ ಬಂದವು.

ಮಗನು ಅಲ್ಲಿ ಸಂಸಾರ ಹೂಡುವನಿದ್ದನು. “ಅಪ್ಪಾ, ಎಲ್ಲಾ ಕೆಡವಿ ಸ್ಲ್ಯಾಬ್ ಹಾಕೂಣು, ಮಣ್ಣಿನ ಗ್ವಾಡ್ಯಾಗ ಮೊಳಿ ಸೈತ ನಿಲ್ಲೂದಿಲ್ಲ” ಎಂದನು. ಅವನ ಮಾತು ಸುಳ್ಳಲ್ಲ. ಆದರೆ ತೊಲೆಗಳ ಒಂದು ತುದಿ ನಮ್ಮ ಗೋಡೆಯ ಮೇಲೆ, ಇನ್ನೊಂದು ತುದಿ ಅಣ್ಣನವರ ಪಾಲಿನ ಕಂಬದ ಮೇಲೆ. ಕಾಗದದಲ್ಲಿ ಮನೆ ಮೂರಾಗಿದ್ದರೂ ತೊಲೆಗಳಿಗೆ ಆ ಸಂಗತಿ ತಿಳಿಯದು! ನಮ್ಮ ಗೋಡೆ ಬಿದ್ದರೆ ಅವರ ಮಾಳಿಗೆಯೂ ಕುಸಿಯುವುದು.

ಹಳೆಯ ಕಟ್ಟಡದಲ್ಲಿ ಹೊಸ ವಾಸ ಹೂಡುವುದು ನಮ್ಮ ನಾಡಿಗೆ ಹೊಸದಲ್ಲ. 1885ರ ಸುಮಾರಿಗೆ ಜಿಲ್ಲೆಯ ಮುಖ್ಯ ಠಾಣ್ಯವು ಕಲಾದಗಿಯಿಂದ ವಿಜಾಪುರಕ್ಕೆ ಬಂದಾಗ, ಆಂಗ್ಲ ಅಧಿಕಾರಿಗಳು ಆದಿಲಶಾಹಿಯ ಅರಮನೆಗಳಲ್ಲಿಯೇ ನೆಲೆಸಿದರು. ಚೀನಿ ಮಹಲು ಕಚೇರಿಯಾಯಿತು. ಆನಂದ ಮಹಲು ಅಧಿಕಾರಿಯ ನಿವಾಸವಾಯಿತು. ಒಂದು ಮಸೀದಿಯಲ್ಲಿ ಅಂಚೆ ಕಚೇರಿ, ಇನ್ನೊಂದರಲ್ಲಿ ಪ್ರವಾಸಿ ಬಂಗಲೆ! 1900ರಲ್ಲಿ ವೈಸರಾಯ್ ಕರ್ಜನನೇ ಅವನ್ನು ತೆರವು ಮಾಡಿಸುವ ಮಾತೆತ್ತಿದನು. ಅಧಿಕಾರಿಗಳ ರಸಿಕತೆಯನ್ನು ನಾನು ಹೊಗಳಲಾರೆ. ಆದರೂ ಒಳಗೆ ಸೇರಿಸಿದ ಅಡ್ಡಗೋಡೆಯನ್ನು ಮುಂದೆ ಕಿತ್ತು ತೆಗೆಯಬಹುದು, ಕೆಡವಿದ ಕಮಾನನ್ನು ಮರಳಿ ತರಲಾಗದು.

ಈ ವಿಚಾರವನ್ನೇ ಮಗನ ಮುಂದಿಟ್ಟೆನು. ಬಚ್ಚಲು, ಶೌಚಗೃಹಗಳನ್ನು ಹಿತ್ತಿಲಲ್ಲಿ ಬೇರೆ ಇಟ್ಟಿಗೆ ಗೋಡೆಯಿಂದ ಕಟ್ಟಿಸಿದೆವು; ಮಣ್ಣಿನ ಗೋಡೆಗೆ ನೀರಿನ ಕೊಳವೆ ತಾಗದು. ವಿದ್ಯುತ್ ತಂತಿಗಳು ಜಂತೆಗಳ ಗುಂಟ ಹೊರಗೇ ಹಾಯ್ದಿವೆ. ಹಂಚಿನ ನಡುವೆ ಗಾಜಿನ ಹಂಚು ಕೂಡಿಸಿದ ಮೇಲೆ ಅಡಿಗೆಯ ಅಂಕಣಕ್ಕೆ ಹಗಲು ದೀಪ ಬೇಡವಾಯಿತು. ದೇವರ ಮಾಡವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ತೊಡಕಾದದ್ದು ಗಿಲಾವಿನಲ್ಲಿ. ಗುತ್ತಿಗೆದಾರನೊಬ್ಬನು ನಮಗೆ ತಿಳಿಸದೆ ಗೋಡೆಯ ಬುಡಕ್ಕೆ ಸಿಮೆಂಟು ಬಳಿದನು. ಬೆಳಗಾವಿಯ ಮಳೆಗಾಲವೊಂದು ಕಳೆಯುವುದರೊಳಗೆ ತೇವವು ಮೊಣಕಾಲೆತ್ತರದಿಂದ ಎದೆಯೆತ್ತರಕ್ಕೇರಿತು. ಬಿಳಿಯ ಉಪ್ಪು ಹೊರಟು ಮಣ್ಣು ಉದುರಹತ್ತಿತು. ಸುಣ್ಣದ ಗಾರೆಯು ಗೋಡೆಯ ತೇವವನ್ನು ಹೊರಗೆ ಆರಗೊಡುತ್ತದೆ, ಸಿಮೆಂಟು ಅದನ್ನು ಒಳಗೇ ಬಂಧಿಸುತ್ತದೆ. ಎಲ್ಲವನ್ನೂ ಕೆತ್ತಿಸಿ, ಒಂದು ಬೇಸಿಗೆ ಗೋಡೆಯನ್ನು ಒಣಗಬಿಟ್ಟು, ಸುಣ್ಣದ ಕೆಲಸ ಬಲ್ಲ ಮುದುಕನೊಬ್ಬನನ್ನು ಹುಡುಕಿ ತಂದೆವು. ಖರ್ಚು ಎರಡು ಸಲವಾಯಿತು.

ಈಗ ಅಣ್ಣನ ಮಕ್ಕಳು ತಮ್ಮ ಪಾಲನ್ನು ಕೆಡವುವೆವೆಂದು ಹೇಳಿದ್ದಾರೆ. ಹಕ್ಕು ಅವರದು. ತೊಲೆಗಳಿಗೆ ನಮ್ಮ ಕಡೆಯಿಂದ ಎರಡು ಸಾಗವಾನಿ ಕಂಬಗಳನ್ನು ನಿಲ್ಲಿಸಲು ನನ್ನ ಮಗನೇ ಬಡಿಗನನ್ನು ಕರೆದು ಅಳತೆ ಕೊಟ್ಟಿದ್ದಾನೆ.