ತಾತನ ವಿಂಡೋಸ್, ಮೊಮ್ಮಗನ ಲಿನಕ್ಸ್

ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ನಾನು ಬಾಡಿಗೆಗಿದ್ದ ಕಾಲ. ಮಹಡಿ ಮೇಲೆ ನಾನು, ಕೆಳಗೆ ಮನೆ ಓನರ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ರಿಟೈರ್ ಆದವರು. ಊರು ಮಾಗಡಿ ಕಡೆ. ಚಳಿ ಶುರುವಾಯಿತೆಂದರೆ ಊರಿಂದ ಒಂದು ಮೂಟೆ ಸೊಗಡವರೆ ಬಂದು ಇಳಿಯುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಆ ಮನೆಯಲ್ಲಿ ಉಪ್ಪಿಟ್ಟಿಗೂ ಅವರೆ, ಅಕ್ಕಿರೊಟ್ಟಿಗೂ ಅವರೆ, ಸಾರಿಗೆ ಹಿತಕಿದ ಬೇಳೆ. ಸಿಪ್ಪೆ ಬಿಡಿಸುವ ಕೆಲಸಕ್ಕೆ ಮೇಲಿನ ಮನೆಯವನಾದ ನನಗೂ ಒಂದು ಮೊರ ಕೊಡುತ್ತಿದ್ದರು ಅಜ್ಜಿ.

ಮೇಷ್ಟ್ರ ಹತ್ತಿರ ಒಂದು ಕಂಪ್ಯೂಟರ್ ಇತ್ತು. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದು, ವಿಂಡೋಸ್ 98 ಹಾಕಿದ್ದು. ಅವರು ಮೊದಲು ಸ್ವಿಚ್ ಒತ್ತುವರು, ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದು, ಪಂಚೆ ಅಂಚಿಗೆ ಒರೆಸಿಕೊಂಡು ಬಂದು ಕೂರುವರು. ಒದ್ದೆ ಕೈಯಲ್ಲಿ ಕೀಬೋರ್ಡ್ ಮುಟ್ಟಿದವರು ಯಾರೇ ಆಗಲಿ, ಗದರಿಸದೆ ಬಿಡುತ್ತಿರಲಿಲ್ಲ. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶದಲ್ಲಿ ತಮ್ಮ ಸೀಮೆಯ ರಾಗಿ ಬೇಸಾಯದ ಮಾತುಗಳನ್ನೆಲ್ಲ ಒಂದೊಂದಾಗಿ ಟೈಪ್ ಮಾಡುತ್ತಿದ್ದರು. ಕೂರಿಗೆ, ಕುಂಟೆ, ಮೆದೆ, ಮೇಟಿ, ಪ್ರತಿಯೊಂದಕ್ಕೂ ಅರ್ಥ, ಅದನ್ನು ಹೇಳಿದ ಮುದುಕರ ಹೆಸರು. 1998ರಲ್ಲಿ ಬರಹ ಬಂದಿರದಿದ್ದರೆ ಆ ವಯಸ್ಸಿನ ಎಷ್ಟೋ ಜನ ಕಂಪ್ಯೂಟರಿನ ಹತ್ತಿರವೇ ಸುಳಿಯುತ್ತಿರಲಿಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ಮಗಳ ಮಗ ಬನಶಂಕರಿ ಕಡೆಯ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತ ಅಲ್ಲೇ ಇದ್ದ. ಅವನಿಗೆ ಯುನಿಕ್ಸ್ ಲ್ಯಾಬ್ ಇತ್ತು. ಕಾಲೇಜಿನಲ್ಲಿ ಕೂತು ಕಲಿಯಲು ಸಿಗುವ ಹೊತ್ತು ಸಾಲದು, ಯುನಿಕ್ಸಿನ ಥರದ್ದೇ ಆದ ಲಿನಕ್ಸನ್ನು ಮನೆಯಲ್ಲೇ ಹಾಕೋಣ ಎಂದ. ಆಗ ಊರಿನಲ್ಲಿ ಲಿನಕ್ಸಿನ ಗಾಳಿ ಜೋರಾಗಿತ್ತು. ಪಿಸಿ ಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿ.ಡಿ.ಯನ್ನು ಸಂಚಿಕೆಯ ಜೊತೆಗೇ ಹಂಚುತ್ತಿತ್ತು. 2001ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 'ಲಿನಕ್ಸ್ ಬೆಂಗಳೂರು' ಎಂಬ ದೊಡ್ಡ ಸಮ್ಮೇಳನವೂ ನಡೆಯಿತು. ನಮ್ಮ ಕಥೆ ಅದಕ್ಕೆ ಸ್ವಲ್ಪ ಮುಂಚೆಯೋ ಆಮೇಲೆಯೋ, ಅಷ್ಟು ಖಚಿತವಾಗಿ ನೆನಪಿಲ್ಲ. ಅವರೆಕಾಯಿ ಕಾಲ ಅನ್ನುವುದಂತೂ ನಿಜ.

ಮೇಷ್ಟ್ರಿಗೆ ಒಂದೇ ಭಯ. "ನನ್ನ ಮಾತುಗಳು ಹೋದ್ರೆ ಯಾರಪ್ಪ ವಾಪಸ್ ಕೊಡ್ತಾರೆ? ಹೇಳಿದೋರಲ್ಲಿ ಅರ್ಧ ಜನ ಈಗ ಇಲ್ಲ."

ಮೊಮ್ಮಗ ತನ್ನ ಸ್ನೇಹಿತನೊಬ್ಬನನ್ನು ಕರೆತಂದ. ಬಿಟಿಎಂ ಲೇಔಟಿನ ಹುಡುಗ, ಸಣಕಲ, ಮಾತು ಕಮ್ಮಿ. ಕಾಫಿ ಮುಟ್ಟುತ್ತಿರಲಿಲ್ಲ, ಆ ಚಳಿಯಲ್ಲೂ ಮಜ್ಜಿಗೆ ಕೇಳುತ್ತಿದ್ದ. ಅಜ್ಜಿಗೆ ಅದು ಬಹಳ ಹಿಡಿಸಿತು, ಒಗ್ಗರಣೆ ಹಾಕಿಯೇ ಕೊಡುತ್ತಿದ್ದರು. ಅವನ ಇನ್ನೊಂದು ಅಭ್ಯಾಸವೆಂದರೆ ಕೀಬೋರ್ಡ್ ಮುಟ್ಟುವ ಮುಂಚೆ ಎಲ್ಲವನ್ನೂ ಕಾಗದದ ಮೇಲೆ ಬರೆಯುವುದು. ಅವತ್ತು ಕೈಗೆ ಸಿಕ್ಕಿದ್ದು ಯಾರದೋ ಮದುವೆ ಕರೆಯೋಲೆ. ಅದರ ಬೆನ್ನಿಗೆ ಹಾರ್ಡ್ ಡಿಸ್ಕಿನ ಲೆಕ್ಕವನ್ನೆಲ್ಲ ಗುಂಡಗೆ ಬರೆದುಕೊಂಡ.

"ಸರ್, ಮೊದಲು ನಿಮ್ಮ ಫೈಲ್‌ಗಳು ಎಲ್ಲಿವೆ ತೋರಿಸಿ. ಲಿನಕ್ಸ್ ಆಮೇಲೆ ನೋಡೋಣ" ಅಂದ. ಮೇಷ್ಟ್ರ ಅಷ್ಟೂ ಬರವಣಿಗೆಯನ್ನು ಫ್ಲಾಪಿಗಳಿಗೆ ಇಳಿಸಿ, ಒಂದೊಂದನ್ನೂ ಮತ್ತೆ ತೆರೆದು ಅವರಿಗೇ ಓದಿಸಿ, ಸರಿಯಿದೆ ಅನ್ನಿಸಿಕೊಂಡ ಮೇಲೇ ಮುಂದಿನ ಮಾತು. ಇಷ್ಟಕ್ಕೇ ಮಧ್ಯಾಹ್ನವಾಯಿತು. ಮೊಮ್ಮಗನಿಗೆ ಚಡಪಡಿಕೆ. ಮೇಷ್ಟ್ರಿಗೆ ಮಾತ್ರ ಆ ಹುಡುಗನ ಮೇಲೆ ನಂಬಿಕೆ ಕೂತಿದ್ದು ಅಲ್ಲೇ.

ಊಟವಾದ ಮೇಲೆ ಡಿಫ್ರಾಗ್ ಹಾಕಿದ. ವಿಂಡೋಸ್ 98ರಲ್ಲಿ ಅದನ್ನು ನೋಡಿದವರಿಗೆ ನೆನಪಿರುತ್ತದೆ: ಪರದೆ ತುಂಬ ಬಣ್ಣದ ಚೌಕಗಳು, ಒಂದೊಂದೇ ಎದ್ದು ಮುಂದಕ್ಕೆ ಬಂದು ಕೂರುತ್ತವೆ. ಚದುರಿದ್ದನ್ನೆಲ್ಲ ಡಿಸ್ಕಿನ ಮುಂಭಾಗಕ್ಕೆ ತರದೆ ಹಿಂಭಾಗ ಖಾಲಿಯಾಗದು, ಖಾಲಿಯಾಗದೆ ಲಿನಕ್ಸಿಗೆ ಜಾಗವಿಲ್ಲ. ಅಜ್ಜಿ ಅವರೆಕಾಯಿ ಮೊರ ತಂದು ಕಂಪ್ಯೂಟರ್ ಮುಂದೆಯೇ ಕೂತು, "ಅಕ್ಕಿ ಆರಿಸಿದಂಗೆ ಆರಿಸ್ತಾ ಇದೆಯಲ್ಲೋ" ಎಂದು ಸಂಜೆಯವರೆಗೂ ನೋಡಿದರು. ಆಮೇಲೆ ಫಿಪ್ಸ್ ಎಂಬ ಪುಟ್ಟ ಪ್ರೋಗ್ರಾಮಿನಿಂದ ಡಿಸ್ಕನ್ನು ಎರಡು ಮಾಡಿ, ಹಿಂದಿನ ಭಾಗದಲ್ಲಿ ಲಿನಕ್ಸ್ ಇಳಿಸಿದ್ದಾಯಿತು.

ಇನ್ನು ಉಳಿದದ್ದು ಬೂಟ್ ಲೋಡರ್. ಕಂಪ್ಯೂಟರ್ ಹಾಕಿದ ಕೂಡಲೇ ಯಾರನ್ನು ಎಬ್ಬಿಸಬೇಕು ಎಂದು ಕೇಳುವ ಪ್ರೋಗ್ರಾಮ್. ನಾವು ಹಾಕಿದ್ದು ಲಿಲೋ. ಹುಡುಗ ಮೇಷ್ಟ್ರಿಗೆ ಬಿಡಿಸಿ ಹೇಳಿದ: ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ 64 ಬೈಟ್ ಪಾರ್ಟಿಷನ್ ಪಟ್ಟಿಗೆ, ಕೊನೆಯ 2 ಬೈಟ್ ಗುರುತಿಗೆ. ಬೂಟ್ ಲೋಡರಿಗೆ ಉಳಿಯುವುದು 446. ಅಷ್ಟರಲ್ಲಿ ಹಿಡಿಸದ್ದನ್ನು ಲಿಲೋ ಬೇರೆ ಕಡೆ ಇಟ್ಟು, ಅದು ಎಲ್ಲಿದೆ ಎಂಬ ವಿಳಾಸವನ್ನು ಮಾತ್ರ ಇಲ್ಲಿ ಬರೆದುಕೊಳ್ಳುತ್ತದೆ. ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಈ ಜಾಗದಲ್ಲಿ ಇನ್ನೊಬ್ಬರಿದ್ದಾರೆಯೇ ಎಂದು ಕೇಳುವುದೇ ಇಲ್ಲ, ತನ್ನದನ್ನು ಬರೆದುಬಿಡುತ್ತದೆ. ಅದಕ್ಕೇ ಯಾವಾಗಲೂ ಮೊದಲು ವಿಂಡೋಸ್, ಆಮೇಲೆ ಲಿನಕ್ಸ್. "ನಾನೂರ ನಲವತ್ತಾರೇ? ನನ್ನ ಪೀಠಿಕೆಯ ಒಂದು ಪ್ಯಾರಾನೇ ಇದಕ್ಕಿಂತ ಉದ್ದ ಇದೆಯಲ್ಲಪ್ಪ" ಎಂದು ಮೇಷ್ಟ್ರು ಬೆರಗಾದರು.

ರಾತ್ರಿ ರೀಸ್ಟಾರ್ಟ್ ಮಾಡಿದಾಗ ಕಪ್ಪು ಪರದೆಯ ಮೇಲೆ 'ಎಲ್', 'ಐ' ಎಂಬ ಎರಡು ಇಂಗ್ಲಿಷ್ ಅಕ್ಷರ ಮೂಡಿ ಎಲ್ಲ ನಿಂತುಹೋಯಿತು. ಲಿನಕ್ಸೂ ಇಲ್ಲ, ವಿಂಡೋಸೂ ಇಲ್ಲ. ಮೇಷ್ಟ್ರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಎರಡು ಅಕ್ಷರ ಬಂದಿದೆ ಸರ್, ಹೆದರಬೇಡಿ" ಎಂದ ಹುಡುಗ. ಲಿಲೋದ ಇಂಗ್ಲಿಷ್ ಹೆಸರಿನ ನಾಲ್ಕು ಅಕ್ಷರಗಳು (ಎಲ್, ಐ, ಎಲ್, ಓ) ಸುಮ್ಮನೆ ಮೂಡುವುದಲ್ಲ. ಕೆಲಸದ ಒಂದೊಂದು ಹಂತ ದಾಟಿದಾಗ ಒಂದೊಂದು ಅಕ್ಷರ. ಒಂದೂ ಬರದಿದ್ದರೆ ಲಿಲೋ ಶುರುವೇ ಆಗಿಲ್ಲ. ಎರಡು ಬಂದು ನಿಂತರೆ ಎರಡನೆಯ ಭಾಗವನ್ನು ಡಿಸ್ಕಿನಿಂದ ತಂದಾಗಿದೆ, ನಡೆಸಲು ಆಗುತ್ತಿಲ್ಲ. ಕಂಪ್ಯೂಟರನ್ನು ಮೊದಲು ಎಬ್ಬಿಸುವ ಬಯೋಸ್ ಹೇಳುವ ಡಿಸ್ಕಿನ ಅಳತೆಗೂ ಲಿಲೋ ಬರೆದುಕೊಂಡ ವಿಳಾಸಕ್ಕೂ ತಾಳೆ ಬೀಳದಿದ್ದರೆ ಹೀಗಾಗುತ್ತದೆ. ಹಳೆಯ ಬಯೋಸುಗಳ ಲೆಕ್ಕ 1024 ಸಿಲಿಂಡರಿಗೆ, ಅಂದರೆ ಸುಮಾರು 8.4 ಜಿಬಿಗೆ ಮುಗಿಯುತ್ತಿತ್ತು; ಡಿಸ್ಕುಗಳು ಅದನ್ನು ದಾಟಿ ಎಷ್ಟೋ ಮುಂದೆ ಹೋಗಿದ್ದವು. ಎಡವಿದ್ದು ಎಲ್ಲಿ ಎಂದು ಎರಡೇ ಅಕ್ಷರದಲ್ಲಿ ಹೇಳುವ ಹಾಗೆ ಅದನ್ನು ಬರೆದವರ ಮೇಲೆ ನನಗೆ ಅವತ್ತೇ ಗೌರವ ಬಂತು.

ಹುಡುಗ ಮೊದಲೇ ಮಾಡಿಟ್ಟುಕೊಂಡಿದ್ದ ಬೂಟ್ ಫ್ಲಾಪಿ ಹಾಕಿ ಲಿನಕ್ಸ್ ಎಬ್ಬಿಸಿದ. ಕರೆಯೋಲೆಯ ಬೆನ್ನು ನೋಡಿ ಲೆಕ್ಕ ತಾಳೆ ಹಾಕಿ, ಲಿಲೋದ ಕಡತದಲ್ಲಿ ಆ 1024ರ ಗಡಿ ದಾಟಿಸುವ 'ಎಲ್‌ಬಿಎ32' ಎಂಬ ಒಂದು ಸಾಲು ಸೇರಿಸಿದ. ಮತ್ತೆ ಲಿಲೋ ಓಡಿಸುವ ಮುಂಚೆ ಕೇಳಿದ: "ಡಿಫಾಲ್ಟ್ ಯಾವುದಿರಲಿ?"

ಅಲ್ಲಿ ಶುರುವಾಯಿತು ನೋಡಿ. ಲಿನಕ್ಸೇ ಇರಲಿ ಎಂದು ಮೊಮ್ಮಗ. ತಾನು ಕೈ ತೊಳೆದು ಬರುವಷ್ಟರಲ್ಲಿ ವಿಂಡೋಸ್ ಬಂದಿರಬೇಕು ಎಂದು ತಾತ. ಮಾತಿಗೆ ಮಾತು ಬೆಳೆಯಿತು. ಯಾರು ಏನಂದರೋ ಈಗ ಎಲ್ಲ ನೆನಪಿಲ್ಲ, ಅಜ್ಜಿ ಒಳಗಿಂದ ಹೇಳಿದ್ದು ಮಾತ್ರ ನೆನಪಿದೆ: "ಚುರುಕಾಗಿರೋನು ಕಾದು ಒತ್ತಲಿ. ವಯಸ್ಸಾದೋರನ್ನ ಯಾಕೆ ಓಡಿಸ್ತೀರಾ?"

ಅಲ್ಲಿಗೆ ತೀರ್ಮಾನವಾಯಿತು. ಹುಡುಗ ಇಂಗ್ಲಿಷ್ ಅಕ್ಷರದಲ್ಲೇ 'ತಾತ' ಎಂದೊಂದು, 'ಮೊಮ್ಮಗ' ಎಂದೊಂದು ಹೆಸರು ಕೊಟ್ಟ. ಕಾಯುವ ಹೊತ್ತು 300 ಎಂದು ಬರೆದ. ಲಿಲೋದಲ್ಲಿ ಅದು ಸೆಕೆಂಡಿನ ಹತ್ತನೇ ಒಂದರ ಲೆಕ್ಕ, ಅಂದರೆ ಮೂವತ್ತು ಸೆಕೆಂಡು. ಓಡಿಸಿದಾಗ ಎರಡೂ ಹೆಸರು ಪರದೆಯ ಮೇಲೆ ಬಂದವು, 'ತಾತ'ನ ಮುಂದೆ ಒಂದು ನಕ್ಷತ್ರದ ಗುರುತು. ರೀಸ್ಟಾರ್ಟ್ ಮಾಡಿದರೆ ನಾಲ್ಕೂ ಅಕ್ಷರ ಬಂದವು. ಮೇಷ್ಟ್ರು ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದರು. ಅವರ ರಾಗಿ ಮಾತುಗಳು ಇದ್ದಲ್ಲೇ ಇದ್ದವು. ಅಷ್ಟು ಹೊತ್ತಿನಲ್ಲಿ ಬಿಸಿ ಅನ್ನ, ಹಿತಕಿದ ಬೇಳೆ ಸಾರು. ಹುಡುಗ ಅವತ್ತು ಕೊನೆಯ ಬಸ್ಸು ಬಿಟ್ಟು ಅಲ್ಲೇ ಮಲಗಿದ ಅಂತ ಕಾಣುತ್ತದೆ.

ಈಗ ಲಿಲೋ ಹೋಗಿ ಗ್ರಬ್ ಬಂದಿದೆ, ಬಯೋಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ, 446 ಬೈಟಿನ ಇಕ್ಕಟ್ಟೂ ಇಲ್ಲ. ಆಗ ಕನ್ನಡ ಬರೆಯಲು ಮೇಷ್ಟ್ರಿಗೆ ವಿಂಡೋಸ್ ಬಿಟ್ಟರೆ ಗತಿಯಿರಲಿಲ್ಲ. ಯುನಿಕೋಡ್ ಬಂದು, ಗುಬ್ಬಿ, ನವಿಲು ಮುಂತಾದ ಫಾಂಟುಗಳು ಬಂದು, ಲಿನಕ್ಸಿನಲ್ಲೂ ಕನ್ನಡ ಸಲೀಸಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪುಗಳು ಅದೊಂದೇ ಕಾರಣಕ್ಕೆ ಮೂಲೆ ಸೇರುತ್ತಿವೆ. ನಿಮ್ಮ ಮನೆಯಲ್ಲೂ ಒಂದಿದ್ದರೆ ಗುಜರಿಗೆ ಹಾಕುವ ಮುಂಚೆ ಪಕ್ಕದಲ್ಲೊಂದು ಲಿನಕ್ಸ್ ಹಾಕಿ ನೋಡಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಡಿಸ್ಕನ್ನು ವಿಂಡೋಸಿನ ಒಳಗಿಂದಲೇ ಕುಗ್ಗಿಸಿ. ಅದಕ್ಕೂ ಮುಂಚೆ ಮನೆಯ ಹಿರಿಯರ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿ, ತೆರೆದು, ಅವರಿಗೇ ಒಂದು ಸಲ ಓದಿಸಿ.