ಅಪ್ಪನ ಏರ್‌ಗನ್

ರಾಜಾಜಿನಗರದ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಅಪ್ಪನ ಏರ್‌ಗನ್ ಇಳಿಯಿತು. ಪರಿಷೆಗಳಲ್ಲಿ ಬಲೂನು ಒಡೆಯುತ್ತಾರಲ್ಲ, ಅಂಥದು. ಒಮ್ಮೆ ಅಪ್ಪ ಇದರಿಂದ ಗುಬ್ಬಚ್ಚಿ ಹೊಡೆದಿದ್ದರು. ಅಮ್ಮ ಆ ರಾತ್ರಿ ಒಲೆ ಹಚ್ಚಲಿಲ್ಲ. ಮರುದಿನವೇ ಅದು ಅಟ್ಟ ಸೇರಿತ್ತು.

"ಸ್ಪ್ರಿಂಗ್ ಚೆನ್ನಾಗಿದೆ ಅಮ್ಮಾ. ಪಿಸ್ಟನ್ನಿನ ಚರ್ಮದ ವಾಷರ್ ಒಣಗಿ ಬಿರಿದಿದೆ, ಗಾಳಿ ಸೋರುತ್ತೆ" ಎಂದ ರಿಪೇರಿಯವನು. ಹೊಸ ಚರ್ಮ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಕೂಡಿಸಿದ. ನಳಿಗೆಯ ತುಕ್ಕನ್ನು ನಾನೇ ಎಣ್ಣೆಬಟ್ಟೆಯಿಂದ ಉಜ್ಜಿದೆ. ಅಪ್ಪನ ಕೈ ಸವೆಸಿದ ಮರದ ಹಿಡಿಗೆ ಮಾತ್ರ ಪಾಲಿಶ್ ಬೇಡವೆಂದೆ.

4.5 ಮಿ.ಮೀ. ಸೀಸದ ಗುಂಡು ತುಂಬಿದ್ದೇ ತಡ, ಮೊಮ್ಮಗ ಕಾಂಪೌಂಡಿನ ಮೇಲಿನ ಪಾರಿವಾಳಕ್ಕೆ ಗುರಿಯಿಟ್ಟ.

"ಇಳಿಸೋ!" ಎಂದೆ. ಥೇಟ್ ಅಮ್ಮನ ದನಿ.

ಮರಳಿನ ಚೀಲದ ಮುಂದೆ ಬಲೂನು ಕಟ್ಟಿದೆ. ಮೊದಲ ಗುಂಡು ನನ್ನದೇ. ತಪ್ಪಿತು!